ಸಾಬಮ್ಮನ ಎರಡನೇ ಅಫಿಡವಿಟ್

ಸಾಬಮ್ಮ ರೊಟ್ಟಿ ಎಣಿಸುವಾಗ ಮಾತ್ರ ಕನ್ನಡದಲ್ಲಿ ಎಣಿಸುತ್ತಿದ್ದರು. ಬೀದಿಯಲ್ಲಿ ಉಳಿದ ಮಾತೆಲ್ಲ ತೆಲುಗು.

ಕೂಕಟ್‌ಪಲ್ಲಿಯ ದೊಡ್ಡ ರಸ್ತೆಯಲ್ಲಿ, ಮೆಟ್ರೋ ಕಂಬಗಳ ಪಕ್ಕದ ಫುಟ್‌ಪಾತಿನ ಮೇಲೆ, ಹನ್ನೊಂದು ವರ್ಷದಿಂದ ಅವರ ಒಲೆ ಉರಿಯುತ್ತಿದೆ. ಸಂಜೆ ಐದಕ್ಕೆ ಹಂಚು ಇಡುತ್ತಾರೆ. ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ ಅಂಗೈಯಿಂದ ಬಡಿಯುವ ಸಪ್ಪಳ ಬಸ್ಸುಗಳ ಹಾರ್ನಿನ ನಡುವೆಯೂ ಕೇಳುತ್ತದೆ. ಬಂದವರಿಗೆಲ್ಲ ಅವರು ಕೇಳುವುದು ಒಂದೇ: "ಎನ್ನಿ ಕಾವಾಲಿ?" ಎಷ್ಟು ಬೇಕು ಎಂದು. ಆಮೇಲೆ ಕಾಗದದಲ್ಲಿ ಸುತ್ತುವಾಗ ತುಟಿಯೊಳಗೇ ಎಣಿಸುತ್ತಾರೆ.

ಅದನ್ನು ಹಿಡಿದವನು ವಿಶ್ವಜಿತ್. ಮೈಸೂರಿನವನು, ಹತ್ತಿರದ ಹಾಸ್ಟೆಲಿನಲ್ಲಿದ್ದುಕೊಂಡು ಸಾಫ್ಟ್‌ವೇರ್ ಕೆಲಸಕ್ಕೆ ಹೋಗುತ್ತಾನೆ. ದಿನ ಬಿಟ್ಟು ದಿನ ರೊಟ್ಟಿಗೆ ಬರುತ್ತಾನೆ.

"ಅಮ್ಮಾ, ನೀವು ಕನ್ನಡದೋರೇ ತಾನೆ?"

"ಲೇದು ಬಾಬು, ಮಾದಿ ಗದ್ವಾಲ್." ಇಲ್ಲಪ್ಪ, ನಮ್ಮದು ಗದ್ವಾಲ್ ಎಂದರು ಸಾಬಮ್ಮ.

"ಗದ್ವಾಲ್‌ನಲ್ಲಿ ಒಂದ್, ಎಡ್ಡ, ಮೂರ ಅಂತ ಎಣಿಸ್ತಾರಾ?"

ಸಾಬಮ್ಮ ಕೇಳಿಸದವರಂತೆ ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿದರು.

ಅವರ ಊರು ರಾಯಚೂರು ಜಿಲ್ಲೆಯಲ್ಲಿ, ಕೃಷ್ಣಾ ಹೊಳೆಯ ದಂಡೆಯಲ್ಲಿದೆ. ಗದ್ವಾಲ್ ರಾಜ್ಯದ ಗಡಿಯ ಆಚೆಗಿನ ಸೀಮೆ, ತೆಲಂಗಾಣಕ್ಕೆ ಸೇರಿದ್ದು. ಹೈದರಾಬಾದಿಗೆ ಬಂದ ಮೊದಲ ತಿಂಗಳು ಸಾಬಮ್ಮ ಬೇರೊಂದು ಮೂಲೆಯಲ್ಲಿ ಒಲೆ ಹೂಡಿದ್ದರು. ಪಕ್ಕದ ಬಂಡಿಯವನೊಬ್ಬ, ಬೇರೆ ರಾಜ್ಯದವರಿಗೆ ಇಲ್ಲಿ ಜಾಗವಿಲ್ಲ ಎಂದು ಉರಿಯುವ ಒಲೆಯನ್ನೇ ಒದ್ದು ಬೀಳಿಸಿದ. ಆವತ್ತಿನಿಂದ ಅವರು ಗದ್ವಾಲ್‌ನವರಾದರು. ಬೀದಿ ವ್ಯಾಪಾರಿಯ ಕಾರ್ಡಿನಲ್ಲೂ ಹಾಗೆಯೇ ಬರೆಸಿದರು. ನಮ್ಮ ಓಣಿಯಲ್ಲಿ ನಿಜ ಗೊತ್ತಿದ್ದದ್ದು ಅವರ ಪಕ್ಕದ ಕೋಣೆಯಲ್ಲಿದ್ದ ನಮ್ಮ ಮನೆಯವರಿಗೆ ಮಾತ್ರ, ಏಕೆಂದರೆ ನಾವೂ ಆ ಕಡೆಯವರೇ. ಬಾಗಿಲು ಹಾಕಿದ ಮೇಲೆ ಅವರ ಕೋಣೆಯಲ್ಲೂ ನಮ್ಮ ಕೋಣೆಯಲ್ಲೂ ಕನ್ನಡ. ಬಾಗಿಲು ತೆಗೆದರೆ ತೆಲುಗು.

ಅವರ ಗಂಡ ಹಂಪಯ್ಯ ನೀರಿನ ಟ್ಯಾಂಕರ್ ಡ್ರೈವರ್. ಊರಲ್ಲಿ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ ಓದಿದ್ದಾರೆ. ತೆಲುಗನ್ನು ಎಷ್ಟು ಚೆನ್ನಾಗಿ ಮಾತನಾಡುತ್ತಾರೆಂದರೆ, ಅಪಾರ್ಟ್‌ಮೆಂಟಿನ ವಾಚ್‌ಮನ್‌ಗಳು ಅವರ ಚೇಷ್ಟೆಯ ಮಾತು ಕೇಳಲೆಂದೇ ಗೇಟಿನಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಆದರೆ ತೆಲುಗು ಓದಲು ಬರುವುದಿಲ್ಲ. ನೀರು ಕೊಡುವ ಮನೆಗಳನ್ನು ಬೋರ್ಡು ನೋಡಿ ಅಲ್ಲ, ಗೇಟಿನ ಬಣ್ಣ ನೋಡಿ ಗುರುತಿಟ್ಟುಕೊಂಡಿದ್ದರು. ನೀಲಿ ಗೇಟಿಗೆ ಬೇರೆ ಬಣ್ಣ ಬಳಿದ ವಾರ ಮೂರು ಸುತ್ತು ಹಾಕಿ ವಾಪಸು ಬಂದಿದ್ದರಂತೆ. ಅದನ್ನು ಯಾರಿಗೂ ಹೇಳಬಾರದೆಂದು ಸಾಬಮ್ಮನಿಗೆ ಎಚ್ಚರಿಸಿದ್ದರು.

ಹೋದ ಬೇಸಿಗೆಯಲ್ಲಿ ಬೋರ್‌ವೆಲ್ ಬಳಿ ಇಬ್ಬರು ಟ್ಯಾಂಕರ್ ಮಾಲೀಕರ ನಡುವೆ ಸರತಿಗಾಗಿ ಜಗಳ ಹತ್ತಿತು. ಲಾರಿ ಹಿಂದಕ್ಕೆ ತೆಗೆಯಬೇಡ ಎಂದು ತಮ್ಮ ಮಾಲೀಕ ಹೇಳಿದರೆ ಹಂಪಯ್ಯ ತೆಗೆಯುವವರಲ್ಲ. ಎರಡು ತಿಂಗಳಲ್ಲಿ ಅವರ ಮೇಲೆ ಮೂರು ಕೇಸುಗಳಾದವು. ಮೊದಲ ಎರಡರಲ್ಲಿ ಅವರೂ ಕೈ ಎತ್ತಿದ್ದು ನಿಜ. ಅದನ್ನು ಸಾಬಮ್ಮ ಯಾವತ್ತೂ ಮುಚ್ಚಿಟ್ಟಿಲ್ಲ. ಮೂರನೆಯದರಲ್ಲಿ ಒಬ್ಬನ ತಲೆ ಒಡೆದು, ಏಳು ಜನ ಡ್ರೈವರುಗಳು ಜೈಲಿಗೆ ಹೋದರು. ಹಂಪಯ್ಯ ಅವರಲ್ಲೊಬ್ಬರು. ಜೂನ್ ಮೊದಲ ವಾರದ ಹೊತ್ತಿಗೆ ಮೂರರಲ್ಲೂ ಜಾಮೀನು ಸಿಕ್ಕಿತು.

ಬಿಡುಗಡೆಯ ದಿನ ಸಾಬಮ್ಮ ಒಗೆದ ಅಂಗಿಯನ್ನೂ ಎರಡು ರೊಟ್ಟಿ, ಶೇಂಗಾ ಚಟ್ನಿಯನ್ನೂ ಕಟ್ಟಿಕೊಂಡು ಜೈಲಿನ ಗೇಟಿಗೆ ಹೋದರು. ಉಳಿದ ಆರು ಜನ ಹೊರಗೆ ಬಂದರು. ಹಂಪಯ್ಯ ಬರಲಿಲ್ಲ. ಮೂರು ಕೇಸುಗಳಿರುವುದರಿಂದ ಅವರ ಹೆಸರಿಗೆ ಇನ್ನೊಂದು ಆದೇಶ ಬಂದಿದೆ, ಒಂದು ವರ್ಷ ಒಳಗೇ ಇರಬೇಕು ಎಂದು ಗೇಟಿನವರು ಹೇಳಿದರು.

"ಜಾಮೀನು ಆಗಿದೆಯಲ್ಲ?" ಎಂದು ಸಾಬಮ್ಮ ಕೇಳಿದರು.

"ಇದು ಮಾಡಿದ ತಪ್ಪಿಗಲ್ಲ ಅಮ್ಮಾ. ಮುಂದೆ ಮಾಡಬಹುದಾದ ತಪ್ಪಿಗೆ."

ಮನೆಗೆ ಬಂದು ಸಾಬಮ್ಮ ಅದೇ ಮಾತನ್ನು ನಮ್ಮವ್ವನಿಗೆ ನಾಲ್ಕು ಸಲ ಹೇಳಿದರು. ಮುನ್ನೆಚ್ಚರಿಕೆಯ ಬಂಧನ ಎಂದರೆ ಏನೆಂದು ನಮಗಾರಿಗೂ ಆವತ್ತು ಗೊತ್ತಿರಲಿಲ್ಲ. ವಿಚಾರಣೆಯೇ ಇಲ್ಲದೆ ಒಂದು ವರ್ಷದವರೆಗೆ ಇಡಬಹುದು ಎಂಬುದು ಆಮೇಲೆ ತಿಳಿಯಿತು.

ಮಾಲೀಕ ಫೋನ್ ಎತ್ತುವುದನ್ನು ಬಿಟ್ಟ. ಹೈಕೋರ್ಟಿನಲ್ಲಿ ಬಡ ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ ಎಂದು ಜೈಲಿನಲ್ಲಿ ಭೇಟಿಯ ಸಾಲಿನಲ್ಲಿ ನಿಂತ ಒಬ್ಬಾಕೆ ಹೇಳಿದ್ದಳು. ಸಾಬಮ್ಮ ಮೆಟ್ರೋದಲ್ಲಿ ಕೂತು, ಅಮೀರ್‌ಪೇಟ್ ದಾಟಿ, ಮೂಸಿ ನದಿಯ ಹತ್ತಿರದ ನಿಲ್ದಾಣದಲ್ಲಿ ಇಳಿದು, ಕೇಳುತ್ತಾ ಕೇಳುತ್ತಾ ಹೈಕೋರ್ಟು ಮುಟ್ಟಿದರು. ಅಲ್ಲಿ ಅವರಿಗೆ ಸಿಕ್ಕವರು ವಕೀಲೆ ಸ್ನೇಹಲತಾ. ತೆಲುಗಿನವರು, ವಯಸ್ಸು ಮೂವತ್ತರ ಆಸುಪಾಸು. ಅವರ ಮಾತುಗಳೆಲ್ಲ ತೆಲುಗಿನವು. ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೋಡಿ ಅಮ್ಮಾ, ಇದಕ್ಕೆ ಹೇಬಿಯಸ್ ಕಾರ್ಪಸ್ ಅಂತಾರೆ," ಎಂದು ಸ್ನೇಹಲತಾ ವಿವರಿಸಿದರು. "ಒಬ್ಬ ಮನುಷ್ಯನನ್ನು ಹಿಡಿದಿಟ್ಟಿದ್ದಾರೆ, ಯಾವ ಕಾನೂನಿನಿಂದ ಇಟ್ಟಿದ್ದೀರಿ ತೋರಿಸಿ ಅಂತ ಹೈಕೋರ್ಟು ಸರ್ಕಾರವನ್ನೇ ಕೇಳಬಹುದು. ತೋರಿಸಲಿಕ್ಕೆ ಆಗಲಿಲ್ಲ ಅಂದರೆ ಬಿಡಲೇಬೇಕು. ಸಂವಿಧಾನ ಕೊಟ್ಟಿರೋ ಅಧಿಕಾರ ಅದು."

"ನಾನು ಕೇಳಿದರೆ ಕೇಳುತ್ತಾರಾ?"

"ನೀವು ಕೇಳಿದರೇ ಕೇಳೋದು. ಅವರಾಗಿ ಅವರಿಗೆ ಹೇಗೆ ಗೊತ್ತಾಗಬೇಕು?"

ಗುಮಾಸ್ತ ಅಫಿಡವಿಟ್ ಬರೆಯಲು ಕೂತ. ಹೆಸರು, ವಯಸ್ಸು, ಕಸುಬು ಕೇಳಿದ. ಊರು ಕೇಳಿದ. ಸಾಬಮ್ಮ "ಗದ್ವಾಲ್" ಎಂದರು. ಮಾತೃಭಾಷೆ ಕೇಳಿದ. "ತೆಲುಗು" ಎಂದರು. ಯೋಚಿಸಿ ಹೇಳಿದ್ದಲ್ಲ, ಹನ್ನೊಂದು ವರ್ಷದಿಂದ ಯಾರು ಕೇಳಿದರೂ ಬಾಯಿ ಹೇಳುತ್ತಿದ್ದದ್ದೇ ಅದು. ಇಲ್ಲಿ ಬರೆದದ್ದೆಲ್ಲ ನಿಜ ಎಂದು ಪ್ರಮಾಣ ಮಾಡಿಸಿ ಸಹಿ ಹಾಕಿಸಿಕೊಂಡರು.

ಅರ್ಜಿ ದಾಖಲಾಯಿತು. ಉತ್ತರ ಕೊಡಲು ಸರ್ಕಾರ ಸಮಯ ಕೇಳಿತು. ಮತ್ತೆ ಕೇಳಿತು. ನಡುವೆ ಹಂಪಯ್ಯನವರನ್ನು ಸಲಹಾ ಮಂಡಳಿಯ ಮುಂದೆ ನಿಲ್ಲಿಸಿದರು. ಇಂಥ ಬಂಧನ ಸರಿಯೋ ಅಲ್ಲವೋ ಎಂದು ನೋಡುವ ಮಂಡಳಿ ಅದು; ಅಲ್ಲಿ ಬಂಧಿತನೇ ತನ್ನ ಮಾತು ಹೇಳಿಕೊಳ್ಳಬೇಕು. ಹೇಳುವುದಿದೆಯೇ ಎಂದು ಕೇಳಿದರೆ ಹಂಪಯ್ಯ "ಏನಿಲ್ಲ ಸಾರ್" ಎಂದು ಕೈಮುಗಿದು ಬಂದರಂತೆ. ಮಂಡಳಿ ಬಂಧನವನ್ನು ಒಪ್ಪಿತು.

ಸೆಪ್ಟೆಂಬರಿನ ಒಂದು ಭೇಟಿಯಲ್ಲಿ ಸಾಬಮ್ಮ ಜಾಲರಿಯ ಈಚೆ ನಿಂತು ಗಂಡನನ್ನು ಬೈದರು.

"ಏನಿಲ್ಲ ಅಂದ್ರ ಏನ್ರಿ? ಬಾಯಿ ಇರಲಿಲ್ಲೇನು? ಗೇಟಿನ್ಯಾಗ ನಿಂತು ಊರ ಮಂದೀನ ನಗಸ್ತಿದ್ರಿ!"

"ಏನಂತ ಹೇಳಬೇಕಿತ್ತು? ಅವರು ನನ್ನ ಮ್ಯಾಲ ಏನ್ ಬರ್ದಾರ ಅಂಬೂದಽ ಗೊತ್ತಿಲ್ಲ ನನಗ."

"ಕಾಗದದ ಕಟ್ಟು ಕೊಟ್ಟಾರಲ್ಲ ನಿಮಗ?"

"ಕೊಟ್ಟಾರ. ಇನ್ನೂರು ಹಾಳಿ ಐತಿ. ತಲಿ ಕೆಳಗ ಇಟ್ಕೊಂಡು ಮಲಗತೀನಿ." ಹಂಪಯ್ಯ ಸುತ್ತ ನೋಡಿ ದನಿ ತಗ್ಗಿಸಿದರು. "ಎಲ್ಲಾ ತೆಲುಗಿನ್ಯಾಗ ಐತಿ, ಒಂದೀಟು ಇಂಗ್ಲೀಷು."

"ಮತ್ತ ಓದಾಕ ಬರಂಗಿಲ್ಲ ಅಂತ ಹೇಳಬೇಕಿಲ್ರಿ?"

"ಕಟ್ಟು ಕೊಡೂವಾಗ ಪೊಲೀಸ್ರು ತೆಲುಗು ವಚ್ಚಾ ಅಂತ ಕೇಳಿದ್ರು. ವಚ್ಚು ಸಾರ್ ಅಂದೆ. ನೀನ ಹೇಳಿಕೊಟ್ಟಿದ್ದಿ, ಯಾರ ಕೇಳಿದ್ರೂ ಹಂಗಽ ಅನ್ನು ಅಂತ. ಸಹಿ ಮಾಡು ಅಂದ್ರು, ಮಾಡಿದೆ."

ತೆಲುಗು ಬರುತ್ತದೆಯೇ ಎಂಬ ಪ್ರಶ್ನೆಗೆ ಬರುತ್ತದೆ ಎಂದದ್ದು ಸುಳ್ಳೂ ಅಲ್ಲ. ಮಾತನಾಡಲು ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ಜೊತೆಯ ಕೈದಿಗಳಿಂದ ಓದಿಸಿಕೊಳ್ಳಲು ನಾಚಿಕೆ. ಮೂರು ತಿಂಗಳು ಆ ಕಟ್ಟು ಹಾಗೆಯೇ ತಲೆದಿಂಬಾಗಿತ್ತು.

ಸಾಬಮ್ಮ ಆವತ್ತೇ ವಕೀಲರ ಹತ್ತಿರ ಓಡಬೇಕಿತ್ತು. ಓಡಲಿಲ್ಲ. ಎರಡು ವಾರ ಸುಮ್ಮನಿದ್ದರು. ತಾನು ಪ್ರಮಾಣ ಮಾಡಿ ಬರೆಸಿದ್ದು ಸುಳ್ಳೆಂದು ಗೊತ್ತಾದರೆ ಕೋರ್ಟು ಅರ್ಜಿಯನ್ನೇ ಬಿಸಾಡಿಬಿಟ್ಟರೆ ಎಂಬ ಹೆದರಿಕೆ. ತನ್ನನ್ನೂ ಒಳಗೆ ಹಾಕಿದರೆ ಎಂಬ ಹೆದರಿಕೆ. ಗದ್ವಾಲ್ ಎಂದು ಬರೆಸಿದ ಕಾರ್ಡು ಹೋದರೆ ಒಲೆಯ ಜಾಗವೂ ಹೋಗುತ್ತದೆ. ಆ ಹದಿನೈದು ದಿನ ಅವರ ರೊಟ್ಟಿಗಳು ಸೀಯುತ್ತಿದ್ದವು. ಬಡಿಯುವಾಗ ಹರಿಯುತ್ತಿದ್ದವು. ಅವರ ರೊಟ್ಟಿ ಹರಿದದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಒಂದು ಸಂಜೆ ವಿಶ್ವಜಿತ್ ರೊಟ್ಟಿಗೆ ಬಂದಾಗ, ಸುತ್ತ ಯಾರೂ ಇಲ್ಲದ್ದನ್ನು ನೋಡಿ ಸಾಬಮ್ಮ ಕೇಳಿಯೇಬಿಟ್ಟರು.

"ಅಪ್ಪಾ, ನೀ ಓದಿದಂವ ಇದ್ದಿ. ಕೋರ್ಟಿನ್ಯಾಗ ತಪ್ಪು ಹೇಳಿದ್ದನ್ನ ಆಮ್ಯಾಲ ನಾವಽ ಹೋಗಿ ಹೇಳಿದ್ರ ಏನ್ ಮಾಡ್ತಾರ?"

ಅವನು ರೊಟ್ಟಿಯ ಪೊಟ್ಟಣ ಹಿಡಿದು ಹಾಗೆಯೇ ನಿಂತ. "ಅಮ್ಮಾ! ಮೂರು ವರ್ಷ ನನ್ನ ಕೈಲಿ ಆ ಹರಕು ತೆಲುಗು ಮಾತಾಡಿಸಿದ್ರಲ್ಲ ನೀವು!"

"ನಗಬ್ಯಾಡಪ್ಪ. ನಮ್ಮ ಮನಿಯವ್ರು ಜೇಲಿನ್ಯಾಗ ಅದಾರ."

ಅವನ ಮುಖ ಇಳಿಯಿತು. ಪೂರ್ತಿ ಕೇಳಿಕೊಂಡ. "ಕಾನೂನು ನನಗೆ ಗೊತ್ತಿಲ್ಲಮ್ಮ. ಆದ್ರೆ ನಿಮ್ಮ ಲಾಯರಿಗೆ ಗೊತ್ತಿರುತ್ತಲ್ಲ. ಅವರಿಗೇ ಸುಳ್ಳು ಹೇಳಿದ್ರೆ ಅವರಾದ್ರೂ ಏನು ಮಾಡ್ತಾರೆ? ನಾಳೆನೇ ಹೋಗಿ."

ಮರುದಿನ ಸಾಬಮ್ಮ ಸ್ನೇಹಲತಾ ಅವರ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ಸ್ನೇಹಲತಾ ಪೆನ್ನು ಕೆಳಗಿಟ್ಟರು.

"ನಾಲ್ಕು ತಿಂಗಳು ಅಮ್ಮಾ. ನಾಲ್ಕು ತಿಂಗಳು ನನ್ನ ಜೊತೆ ಕೂತಿದ್ದೀರಿ. ಇದೊಂದು ಮಾತು ಹೇಳಲಿಕ್ಕೆ ಆಗಲಿಲ್ಲವಾ?"

ಸಾಬಮ್ಮ ಅತ್ತರು. ಸ್ನೇಹಲತಾ ಕಡತ ತೆರೆದರು. ಹಂಪಯ್ಯ ಸಹಿ ಮಾಡಿದ ಹಾಳೆಯ ನಕಲು ಅದರಲ್ಲಿತ್ತು. "ನನಗೆ ತೆಲುಗು ಬರುತ್ತದೆ, ಓದಿ ಅರ್ಥ ಮಾಡಿಕೊಂಡಿದ್ದೇನೆ" ಎಂದು ತೆಲುಗಿನಲ್ಲಿ ಬೆರಳಚ್ಚಾಗಿತ್ತು. ಅದರ ಕೆಳಗೆ ಹಂಪಯ್ಯ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದಿದ್ದರು. ಆ ಎರಡು ಲಿಪಿಗಳ ಹೋಲಿಕೆಯಿಂದಾಗಿ ಪೊಲೀಸರಿಗೂ, ಮಂಡಳಿಗೂ, ಇಷ್ಟು ದಿನ ಸ್ನೇಹಲತಾ ಅವರಿಗೂ ಅದು ಸೊಟ್ಟ ತೆಲುಗಿನಂತೆಯೇ ಕಂಡಿತ್ತು.

"ಯಾಕೆ ಹಿಡಿದಿದ್ದೇವೆ ಅಂತ ಆ ಮನುಷ್ಯನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಲೇಬೇಕು," ಎಂದರು ಸ್ನೇಹಲತಾ. "ಇಲ್ಲದಿದ್ದರೆ ಅವನು ಉತ್ತರ ಹೇಗೆ ಕೊಡುತ್ತಾನೆ? ಅದೂ ಮೂಲಭೂತ ಹಕ್ಕೇ. ಆದರೆ ಇದನ್ನು ಎತ್ತಬೇಕೆಂದರೆ ನೀವು ಎರಡನೇ ಅಫಿಡವಿಟ್ ಕೊಡಬೇಕು. ಮೊದಲಿನದರಲ್ಲಿ ನಾನು ಹೇಳಿದ್ದು ನಿಜವಲ್ಲ ಅಂತ ನೀವೇ ಬರೆಯಬೇಕು. ಕೋರ್ಟಿಗೆ ಸಿಟ್ಟು ಬರಬಹುದು. ಬರುವುದಿಲ್ಲ ಅಂತ ನಾನು ಮಾತು ಕೊಡುವುದಿಲ್ಲ."

"ಕಾರ್ಡು ಹೋಗುತ್ತದಾ?"

"ಗೊತ್ತಿಲ್ಲ."

ಸಾಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಬರೆಯಿರಿ" ಎಂದರು.

ಕೋರ್ಟಿನೊಳಗೆ ನಾನು ಹೋಗಿಲ್ಲ. ಅಲ್ಲಿ ನಡೆದದ್ದನ್ನು ಸಾಬಮ್ಮ ಒಂದು ಸಲ ಹೇಳಿದರು, ಸ್ನೇಹಲತಾ ಇನ್ನೊಂದು ಸಲ. ಇಬ್ಬರ ಮಾತೂ ಹೊಂದಿದ್ದನ್ನಷ್ಟೇ ಬರೆಯುತ್ತೇನೆ.

ವಿಚಾರಣೆ ನವೆಂಬರಿನಲ್ಲಿ ಬಂತು. ಇಬ್ಬರು ನ್ಯಾಯಮೂರ್ತಿಗಳು ಕೂತಿದ್ದರು. ಸರ್ಕಾರದ ವಕೀಲರು ಎರಡು ಅಫಿಡವಿಟ್‌ಗಳನ್ನು ಎರಡು ಕೈಯಲ್ಲಿ ಹಿಡಿದು ತೋರಿಸಿದರು. ಇದರಲ್ಲಿ ತೆಲುಗು, ಇದರಲ್ಲಿ ಕನ್ನಡ. ಐದು ತಿಂಗಳಾದ ಮೇಲೆ ಈ ಹೆಂಗಸಿಗೆ ಮಾತೃಭಾಷೆ ನೆನಪಾಗಿದೆ ಎಂದರು. ಕೋರ್ಟಿನಲ್ಲಿ ಕೆಲವರು ನಕ್ಕರು.

ಹಿರಿಯ ನ್ಯಾಯಮೂರ್ತಿಗಳು ನಗಲಿಲ್ಲ. ಅರ್ಜಿದಾರಳು ಬಂದಿದ್ದಾಳೆಯೇ ಎಂದು ಕೇಳಿದರು. ಸಾಬಮ್ಮ ಹಿಂದಿನ ಗೋಡೆಯ ಬಳಿ ನಿಂತಿದ್ದವರು ಮುಂದೆ ಬಂದರು.

"ಯಾಕಮ್ಮಾ ಹಾಗೆ ಹೇಳಿದಿರಿ?" ಎಂದು ನ್ಯಾಯಮೂರ್ತಿಗಳು ತೆಲುಗಿನಲ್ಲಿ ಕೇಳಿದರು.

ಸಾಬಮ್ಮ ತೆಲುಗಿನಲ್ಲೇ ಉತ್ತರಿಸಿದರು. "ಮನೆ ಬಾಗಿಲಿನ ಹೊರಗೆ ಹನ್ನೊಂದು ವರ್ಷದಿಂದ ಅದನ್ನೇ ಹೇಳುತ್ತಾ ಬಂದಿದ್ದೇನೆ ಸಾರ್. ಈಗ ಕೇಳುತ್ತಿರುವುದು ಕೋರ್ಟು ಅಂತ ನನ್ನ ಬಾಯಿಗೆ ಗೊತ್ತಾಗಲಿಲ್ಲ."

"ಗಮನಿಸಬೇಕು, ಎಷ್ಟು ಸರಾಗವಾದ ತೆಲುಗು," ಎಂದರು ಸರ್ಕಾರದ ವಕೀಲರು. ಕನ್ನಡದಲ್ಲಿ ಮಾತನಾಡಬೇಕಿತ್ತು ಎಂದು ಆಗ ಸಾಬಮ್ಮನಿಗೆ ಹೊಳೆಯಿತಂತೆ.

ಬಂಧಿತನನ್ನೇ ಮುಂದಿನ ವಾರ ನಮ್ಮ ಮುಂದೆ ಕರೆತನ್ನಿ ಎಂದು ನ್ಯಾಯಮೂರ್ತಿಗಳು ಹೇಳಿದರು.

ಹಂಪಯ್ಯನವರನ್ನು ಪೊಲೀಸರು ಕರೆತಂದರು. ಐದೂವರೆ ತಿಂಗಳಲ್ಲಿ ಅವರ ಅಂಗಿ ಭುಜದ ಮೇಲೆ ಜೋಲುತ್ತಿತ್ತು. ಕಟ್ಟಿನಿಂದ ಒಂದು ಹಾಳೆ ತೆಗೆದು ಅವರ ಕೈಗೆ ಕೊಟ್ಟು ಓದಲು ಹೇಳಿದರು.

ಬರುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಹಂಪಯ್ಯ ಹಾಗೆನ್ನಲಿಲ್ಲ. ಅಷ್ಟು ದೊಡ್ಡವರ ಮುಂದೆ, ಅಷ್ಟು ಕರಿಕೋಟುಗಳ ನಡುವೆ ತಾನು ಓದುಬಾರದವನು ಎಂದು ಹೇಳಲು ಅವರಿಗೆ ಆಗಲಿಲ್ಲ. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ತಮ್ಮ ಹೆಸರಿನ ಅಕ್ಷರಗಳನ್ನು ಕೂಡಿಸಿ ಓದಿದರು. ಆಮೇಲೆ ತಂದೆಯ ಹೆಸರನ್ನೂ ಓದಿದರು. ಕನ್ನಡ ಕಲಿತವರು ತೆಲುಗಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಗುರುತು ಹಿಡಿಯಬಹುದು.

"ಓದುತ್ತಿದ್ದಾರಲ್ಲ!" ಎಂದರು ಸರ್ಕಾರದ ವಕೀಲರು.

ಸಾಬಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಕೂಗಿಬಿಡಬೇಕು ಅನ್ನಿಸಿತಂತೆ.

"ಮುಂದೆ?" ಎಂದರು ನ್ಯಾಯಮೂರ್ತಿಗಳು.

ಹಂಪಯ್ಯನವರ ಬೆರಳು ಒಂದೇ ಸಾಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಗುತ್ತಿತ್ತು.

"ಓದುವುದು ಬೇಡ. ಈ ಹಾಳೆಯಲ್ಲಿ ನಿಮ್ಮ ಮೇಲೆ ಏನು ಬರೆದಿದ್ದಾರೆ, ಅದನ್ನು ಹೇಳಿ ಸಾಕು."

ಹಂಪಯ್ಯ ಬಹಳ ಹೊತ್ತು ಹಾಳೆಯನ್ನೇ ನೋಡಿದರು. ಗಾಬರಿಯಲ್ಲಿ ಮಾತು ಕನ್ನಡಕ್ಕೆ ಬಂದುಬಿಟ್ಟಿತು. "ನನ್ನ ಹೆಸರು ಬರ್ದಾರ ಸಾರ್."

ಆ ನ್ಯಾಯಮೂರ್ತಿಗಳಿಗೆ ಅಷ್ಟು ಕನ್ನಡ ತಿಳಿಯಿತು. "ಆಮೇಲೆ?"

"ನಮ್ಮಪ್ಪನ ಹೆಸರು."

"ಆಮೇಲೆ?"

"ಆಮ್ಯಾಲ..." ಹಂಪಯ್ಯ ಹಾಳೆಯನ್ನು ಕೆಳಗಿಳಿಸಿದರು. "ನಿಮಗ ಗೊತ್ತೈತಲ್ಲ ಸಾರ್."

ಯಾರೂ ನಗಲಿಲ್ಲವಂತೆ. ನ್ಯಾಯಮೂರ್ತಿಗಳು ಹಾಳೆಯನ್ನು ವಾಪಸು ತೆಗೆದುಕೊಂಡು, ಆ ಸಹಿಯ ಮೂಲಪ್ರತಿ ತರಿಸಿ ಇಬ್ಬರೂ ಬಗ್ಗಿ ನೋಡಿದರು.

ತೀರ್ಪು ಎಂಟು ದಿನಕ್ಕೆ ಬಂತು. ಮಾತನಾಡಲು ಬರುವ ಭಾಷೆಯೆಲ್ಲ ಓದಲು ಬರುತ್ತದೆ ಎಂದು ಅಧಿಕಾರಿಗಳು ಊಹಿಸುವಂತಿಲ್ಲ. ಬಂಧಿತನಿಗೆ ತನ್ನ ಮೇಲಿನ ಆರೋಪವೇ ತಿಳಿದಿಲ್ಲ, ಆದ್ದರಿಂದ ಬಂಧನ ರದ್ದು ಎಂದು ಅದರಲ್ಲಿತ್ತು. ಸ್ನೇಹಲತಾ ಅದನ್ನು ಓದಿ ಹೇಳಿದಾಗ ಸಾಬಮ್ಮ ಇನ್ನೊಂದು ಸಾಲನ್ನು ಮತ್ತೆ ಮತ್ತೆ ಓದಿಸಿದರು. ಪ್ರಮಾಣ ಮಾಡಿ ತಪ್ಪು ಬರೆಸಿದ್ದನ್ನು ಕೋರ್ಟು ಹಗುರವಾಗಿ ನೋಡುವುದಿಲ್ಲ, ಆದರೆ ಅರ್ಜಿದಾರಳೇ ಮುಂದೆ ಬಂದು ತಿದ್ದಿಕೊಂಡಿರುವುದರಿಂದ ಈ ಸಲ ಕ್ರಮ ಬೇಡ ಎಂಬ ಸಾಲು.

"ಈ ಸಲ ಅಂದರೆ?" ಎಂದು ಸಾಬಮ್ಮ ಕೇಳಿದರು.

"ಇನ್ನು ಮೇಲೆ ಎಚ್ಚರವಾಗಿರಿ ಅಂತ," ಎಂದರು ಸ್ನೇಹಲತಾ.

ಶನಿವಾರ ಮಧ್ಯಾಹ್ನ ಸಾಬಮ್ಮ ಮತ್ತೆ ಜೈಲಿನ ಗೇಟಿಗೆ ಹೋದರು. ಈ ಸಲ ರೊಟ್ಟಿ ಕಟ್ಟಿಕೊಂಡಿರಲಿಲ್ಲ. ಹಂಪಯ್ಯ ಕಾಗದದ ಕಟ್ಟನ್ನು ಬಗಲಲ್ಲಿ ಹಿಡಿದು ಒಳಗಿನ ಮೇಜಿನ ಹತ್ತಿರ ಬಂದರು. ಬಿಡುಗಡೆಯ ಹಾಳೆಯನ್ನು ಮುಂದಿಟ್ಟು ಅಲ್ಲಿನ ಸಿಬ್ಬಂದಿ, ತಲೆಯನ್ನೂ ಎತ್ತದೆ, ಕೇಳಿದ.

"ತೆಲುಗು ವಚ್ಚಾ?"

"ವಚ್ಚು ಸಾರ್," ಎಂದು ಹಂಪಯ್ಯ ಪೆನ್ನು ತೆಗೆದುಕೊಂಡರು.

ಅರ್ಧ ತೆರೆದ ಗೇಟಿನಿಂದ ಸಾಬಮ್ಮ ಕೂಗಿದರು. "ಏನ್ರಿ, ತಡೀರಿ! ಸಹಿ ಮಾಡಬ್ಯಾಡ್ರಿ!"

ಕಾವಲಿನವನು ಅಡ್ಡ ನಿಂತ. ಸಾಬಮ್ಮ ಅವನ ತೋಳಿನ ಆಚೆಯಿಂದಲೇ ತೆಲುಗಿನಲ್ಲಿ ಹೇಳಿದರು. "ಅವರಿಗೆ ಓದಲು ಬರುವುದಿಲ್ಲ ಸಾರ್. ಕೋರ್ಟೇ ಹೇಳಿದೆ. ಅದರಲ್ಲಿ ಏನಿದೆ ಅಂತ ಓದಿ ಹೇಳಿ, ಆಮೇಲೆ ಸಹಿ."

"ಬಿಡ್ತಾ ಇದ್ದೀವಲ್ಲಮ್ಮಾ, ಇನ್ನೇನು ನಿನಗೆ?"

"ಓದಿ ಸಾರ್."

ಆತ ಗೊಣಗುತ್ತಾ ಓದಿದ. ಮೊದಲಿನದೆಲ್ಲ ಬಿಡುಗಡೆಯ ಮಾತು. ಕೊನೆಯಲ್ಲಿ, ಹಳೆಯ ಮೂರು ಕೇಸುಗಳ ಜಾಮೀನಿನ ಷರತ್ತು ಇನ್ನೂ ಜಾರಿಯಲ್ಲಿದೆ, ಪ್ರತಿ ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಠಾಣೆಗೆ ಹೋಗಿ ಸಹಿ ಮಾಡಬೇಕು, ತಪ್ಪಿದರೆ ಜಾಮೀನು ರದ್ದಾಗುತ್ತದೆ ಎಂದಿತ್ತು.

ಹಂಪಯ್ಯ ಹೆಂಡತಿಯ ಮುಖ ನೋಡಿದರು. ಸೋಮವಾರಕ್ಕೆ ನಡುವೆ ಒಂದೇ ದಿನ ಇತ್ತು.

"ಇನ್ನೊಮ್ಮೆ ಓದಿ ಸಾರ್," ಎಂದರು ಸಾಬಮ್ಮ. "ಕೊನೆಯದು."

ಎರಡನೇ ಸಲ ಓದಿಸಿಕೊಂಡ ಮೇಲೆ ಹಂಪಯ್ಯ ಕನ್ನಡದಲ್ಲಿ ಹೆಸರು ಬರೆದರು.

ಕಾರ್ಡಿನ ವಿಷಯವನ್ನು ಇನ್ನೂ ಯಾರೂ ಕೇಳಿಲ್ಲ. ಕೇಳುವವರು ಯಾವಾಗ ಬರುತ್ತಾರೋ ಎಂದು ಸಾಬಮ್ಮ ರಸ್ತೆಯ ಕಡೆ ನೋಡುತ್ತಲೇ ರೊಟ್ಟಿ ಬಡಿಯುತ್ತಾರೆ. ಸೋಮವಾರ ಬೆಳಿಗ್ಗೆ ಗಂಡನನ್ನು ಒಬ್ಬರನ್ನೇ ಕಳಿಸುವುದಿಲ್ಲ. ಠಾಣೆಯಲ್ಲಿ ರಿಜಿಸ್ಟರ್ ಮುಂದಿಟ್ಟಾಗ, ಮೇಲೆ ಏನು ಬರೆದಿದೆ ಎಂದು ಮೊದಲು ಕೇಳುತ್ತಾರೆ. ಕೆಲವರು ಓದಿ ಹೇಳುತ್ತಾರೆ, ಕೆಲವರು ಗದರುತ್ತಾರೆ. ಗದರಿದ ದಿನವೂ ಇಬ್ಬರೂ ಮೇಜಿನ ಮುಂದೆ ನಿಂತೇ ಇರುತ್ತಾರೆ, ಯಾರಾದರೂ ಓದುವವರೆಗೆ.